ಶುಕ್ರವಾರದ ತೀರ್ಪು ಕೊನೆಯ ತೀರ್ಪಲ್ಲ

ಕಾಲೇಜಿನ ರಜಾ ಪಟ್ಟಿಯಲ್ಲಿ ಪ್ರತಿ ವರ್ಷ ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ ಒಂದು ಶುಕ್ರವಾರದ ಮುಂದೆ ‘ಗುಡ್ ಫ್ರೈಡೇ’ ಎಂದು ಬರೆದಿರುತ್ತದೆ. ಕನ್ನಡ ಕ್ಯಾಲೆಂಡರಿನಲ್ಲಿ ಅದು ‘ಶುಭ ಶುಕ್ರವಾರ’. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕ್ರೈಸ್ತರ ಮನೆಗಳು ಕಡಿಮೆ. ಹೀಗಾಗಿ ನಮ್ಮಲ್ಲಿ ಹೆಚ್ಚಿನವರಿಗೆ ಅದೊಂದು ರಜೆ, ಅಷ್ಟೇ. ಹಬ್ಬವೆಂದು ತಿಳಿದು ವಾಟ್ಸ್‌ಆ್ಯಪ್‌ನಲ್ಲಿ ‘ಹ್ಯಾಪಿ ಗುಡ್ ಫ್ರೈಡೇ’ ಎಂದು ಕಳುಹಿಸುವವರೂ ಇದ್ದಾರೆ. ಆದರೆ ಕ್ರೈಸ್ತರು ಆ ದಿನ ಉಪವಾಸವಿದ್ದು ಯೇಸು ಕ್ರಿಸ್ತನ ಮರಣವನ್ನು ನೆನೆಯುತ್ತಾರೆ. ಚರ್ಚಿನಲ್ಲಿ ಅಂದು ಸಂಭ್ರಮವಿರುವುದಿಲ್ಲ.

ಹಾಗಿದ್ದರೆ ಒಬ್ಬ ನಿರಪರಾಧಿ ಸತ್ತ ದಿನ ‘ಶುಭ’ ಹೇಗಾಯಿತು? ಆ ಕಥೆಯಲ್ಲಿ ಕ್ರೈಸ್ತರು ಕಾಣುವ ಭರವಸೆ ಯಾವುದು? ಅವರ ನಂಬಿಕೆಯನ್ನು ಒಪ್ಪದ ಬೇರೆ ಧರ್ಮದವರಿಗೂ ಅದರಲ್ಲಿ ಏನಾದರೂ ಸಿಗುತ್ತದೆಯೇ? ನಮ್ಮ ತರಗತಿಗಳಲ್ಲಿ ಬೇರೆ ಬೇರೆ ಮನೆತನದ, ಬೇರೆ ಬೇರೆ ಧರ್ಮದ ಮಕ್ಕಳು ಒಂದೇ ಬೆಂಚಿನಲ್ಲಿ ಕೂಡುತ್ತಾರೆ. ಪಕ್ಕದವರು ಏನನ್ನು ನಂಬುತ್ತಾರೆ ಎಂಬುದನ್ನು ಸರಿಯಾಗಿ ತಿಳಿಯುವುದು ಕೂಡ ವಿದ್ಯೆಯ ಒಂದು ಭಾಗ. ಈ ಲೇಖನ ಅದಕ್ಕಾಗಿ.

ಶಿಲುಬೆ ಎಂದರೆ ಏನಾಗಿತ್ತು?

ಮೊದಲು ಪದವನ್ನು ನೋಡೋಣ. ಕನ್ನಡದ ‘ಶಿಲುಬೆ’ ಮತ್ತು ಅರಬ್ಬಿ, ಉರ್ದುವಿನ ‘ಸಲೀಬ್’ ಒಂದೇ ಬೇರಿನ ಪದಗಳು. ಸಿರಿಯಾಕ್ ಭಾಷೆಯಲ್ಲಿ ಅದಕ್ಕೆ ‘ಸ್ಲೀಬಾ’ ಎನ್ನುತ್ತಾರೆ. ಸಿರಿಯಾಕ್ ಕೇರಳದ ಹಳೆಯ ಕ್ರೈಸ್ತರ ಪ್ರಾರ್ಥನೆಯ ಭಾಷೆ. ಹೀಗೆ ನಮ್ಮ ಮನೆಗಳಲ್ಲಿ ಆಡುವ ಎರಡೂ ಭಾಷೆಗಳಲ್ಲಿ ಈ ಪದ ಇದೆ.

ಇಂದು ಶಿಲುಬೆಯನ್ನು ಕೊರಳ ಸರದಲ್ಲಿ, ಆಸ್ಪತ್ರೆಯ ಗೋಡೆಯ ಮೇಲೆ, ಶಾಲೆಯ ಗೋಪುರದ ಮೇಲೆ ನೋಡುತ್ತೇವೆ. ಎರಡು ಸಾವಿರ ವರ್ಷಗಳ ಹಿಂದೆ ಅದು ಗಲ್ಲುಗಂಬವಾಗಿತ್ತು. ರೋಮನ್ ಆಳರಸರು ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಶಿಕ್ಷೆ ಅದು. ಮರದ ಕಂಬಕ್ಕೆ ಕಟ್ಟಿಯೋ ಮೊಳೆ ಹೊಡೆದೋ ಮನುಷ್ಯನನ್ನು ಜನ ಓಡಾಡುವ ದಾರಿಯಲ್ಲಿ ನಿಲ್ಲಿಸುತ್ತಿದ್ದರು. ಜೀವ ಹೋಗಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕಾಗುತ್ತಿದ್ದವು. ಕೊಲ್ಲುವುದರ ಜೊತೆಗೆ ಅವಮಾನ ಮಾಡುವುದು, ನೋಡಿದವರನ್ನು ಹೆದರಿಸುವುದು ಅದರ ಉದ್ದೇಶ. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸ್ ಎಂಬ ಗುಲಾಮನ ಬಂಡಾಯ ಸೋತಾಗ, ಅವನ ಸುಮಾರು 6000 ಸಂಗಡಿಗರನ್ನು ರೋಮ್‌ಗೆ ಹೋಗುವ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೆ ಏರಿಸಿದ್ದರು. 1968ರಲ್ಲಿ ಜೆರುಸಲೇಮಿನ ಬಳಿ ಉತ್ಖನನ ನಡೆದಾಗ, ಆ ಕಾಲದ ಒಬ್ಬ ಮನುಷ್ಯನ ಹಿಮ್ಮಡಿಯ ಎಲುಬು ಸಿಕ್ಕಿತು. ಅದರಲ್ಲಿ ಕಬ್ಬಿಣದ ಮೊಳೆ ಹಾಗೆಯೇ ಉಳಿದಿತ್ತು.

ಸುವಾರ್ತೆಗಳು ಹೇಳುವ ಕಥೆ

ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕು ಸುವಾರ್ತೆಗಳು ಈ ಕಥೆಯನ್ನು ಹೇಳುತ್ತವೆ. ಯೂದಾಯ ಪ್ರಾಂತ್ಯಕ್ಕೆ ಆಗ ಪೊಂತ್ಯ ಪಿಲಾತನೆಂಬ ರೋಮನ್ ಅಧಿಕಾರಿ. ಅವನ ಆಡಳಿತ ಕ್ರಿಸ್ತಶಕ 26ರಿಂದ 36ರವರೆಗೆ.

ಗುರುವಾರ ರಾತ್ರಿ ಯೇಸು ಶಿಷ್ಯರೊಡನೆ ಕೊನೆಯ ಊಟ ಮಾಡುತ್ತಾರೆ. ಊಟವಾದ ಮೇಲೆ ಗೆತ್ಸೇಮನೆ ಎಂಬ ತೋಟದಲ್ಲಿ ಪ್ರಾರ್ಥಿಸುತ್ತಾರೆ. ಈ ಕಷ್ಟ ತಪ್ಪುವುದಾದರೆ ತಪ್ಪಲಿ, ಆದರೂ ದೇವರ ಇಚ್ಛೆಯೇ ನಡೆಯಲಿ ಎಂಬುದು ಆ ಪ್ರಾರ್ಥನೆಯ ಸಾರ. ಮೂವತ್ತು ಬೆಳ್ಳಿ ನಾಣ್ಯಗಳಿಗೆ ಶಿಷ್ಯ ಯೂದ ಅವರನ್ನು ಹಿಡಿದುಕೊಡುತ್ತಾನೆ. ಎಂಥ ಕಷ್ಟ ಬಂದರೂ ಬಿಟ್ಟು ಹೋಗೆನು ಎಂದಿದ್ದ ಪೇತ್ರ, ಕೋಳಿ ಕೂಗುವ ಮೊದಲು ಮೂರು ಸಲ ‘ಅವನು ಯಾರೋ ನನಗೆ ಗೊತ್ತಿಲ್ಲ’ ಎಂಬಂತೆ ಮಾತನಾಡುತ್ತಾನೆ. ಆಮೇಲೆ ಹೊರಗೆ ಹೋಗಿ ಬಿಕ್ಕಿ ಅಳುತ್ತಾನೆ.

ಬೆಳಿಗ್ಗೆ ವಿಚಾರಣೆ. ಈ ಮನುಷ್ಯನಲ್ಲಿ ಸಾವಿಗೆ ತಕ್ಕ ತಪ್ಪಿಲ್ಲವೆಂದು ಪಿಲಾತನಿಗೆ ತಿಳಿದಿರುತ್ತದೆ. ಆದರೆ ಹೊರಗೆ ಗುಂಪು ಕೂಗುತ್ತಿದೆ. ಹಬ್ಬದ ವಾಡಿಕೆಯಂತೆ ಒಬ್ಬ ಕೈದಿಯನ್ನು ಬಿಡಬೇಕು. ಗುಂಪು ಬರಬ್ಬನೆಂಬ ಅಪರಾಧಿಯನ್ನು ಬಿಡಿಸಿಕೊಳ್ಳುತ್ತದೆ. ಪಿಲಾತ ನೀರು ತರಿಸಿ ಕೈ ತೊಳೆದುಕೊಂಡು ಅದಕ್ಕೆ ತಾನು ಹೊಣೆಯಲ್ಲ ಎನ್ನುತ್ತಾನೆ. ಆದರೂ ಮರಣದಂಡನೆಯ ಆಜ್ಞೆ ಕೊಡುತ್ತಾನೆ.

ಶಿಲುಬೆ ಹೊತ್ತು ನಡೆಯಲಾರದೆ ಯೇಸು ದಣಿದಾಗ, ಹೊಲದಿಂದ ಬರುತ್ತಿದ್ದ ಕುರೇನ್ಯದ ಸೀಮೋನ ಎಂಬವನನ್ನು ಸೈನಿಕರು ಹಿಡಿದು ಅವನ ಹೆಗಲ ಮೇಲೆ ಅದನ್ನು ಹೊರಿಸುತ್ತಾರೆ. ಕುರೇನ್ಯ ಇರುವುದು ಇಂದಿನ ಲಿಬಿಯಾದಲ್ಲಿ. ‘ತಲೆಬುರುಡೆ’ ಎಂಬ ಅರ್ಥದ ಗೊಲ್ಗೊಥಾ ಎಂಬ ಜಾಗದಲ್ಲಿ ಇಬ್ಬರು ಕಳ್ಳರ ನಡುವೆ ಯೇಸುವನ್ನು ಶಿಲುಬೆಗೆ ಏರಿಸುತ್ತಾರೆ. ಅಲ್ಲಿ ಅವರು ಆಡಿದ ಏಳು ಮಾತುಗಳನ್ನು ಕ್ರೈಸ್ತರು ಶುಭ ಶುಕ್ರವಾರ ಧ್ಯಾನಿಸುತ್ತಾರೆ. ಕೊಲ್ಲುವವರನ್ನು ಕ್ಷಮಿಸೆಂದು ದೇವರಲ್ಲಿ ಬೇಡುತ್ತಾರೆ. ತಾಯಿಯನ್ನು ನೋಡಿಕೊಳ್ಳುವ ಹೊಣೆಯನ್ನು ಶಿಷ್ಯನಿಗೆ ಒಪ್ಪಿಸುತ್ತಾರೆ. ನೀರಡಿಕೆಯಾಗಿದೆ ಎನ್ನುತ್ತಾರೆ. ದೇವರೇ ನನ್ನನ್ನು ಏಕೆ ಕೈಬಿಟ್ಟೆ ಎಂಬ ಅರ್ಥದಲ್ಲಿ ಕೂಗುತ್ತಾರೆ. ಈ ಕೂಗು ಒಂದು ಹಳೆಯ ಕೀರ್ತನೆಯ ಮೊದಲ ಸಾಲು. ಆ ಕೀರ್ತನೆ ನಿರಾಶೆಯಲ್ಲಿ ಆರಂಭವಾಗಿ ದೇವರ ಸ್ತುತಿಯಲ್ಲಿ ಮುಗಿಯುತ್ತದೆ.

ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋಗಿದ್ದರು. ಕೊನೆಯವರೆಗೆ ಅಲ್ಲಿ ನಿಂತವರು ತಾಯಿ ಮರಿಯ, ಮಗ್ದಲದ ಮರಿಯ, ಇನ್ನೂ ಕೆಲವು ಹೆಂಗಸರು ಮತ್ತು ಒಬ್ಬ ಶಿಷ್ಯ. ಸಂಜೆ ಅರಿಮಥಾಯದ ಯೋಸೇಫ ಎಂಬವನು ಧೈರ್ಯ ಮಾಡಿ ಪಿಲಾತನಲ್ಲಿಗೆ ಹೋಗಿ ಶವವನ್ನು ಕೇಳಿ ಪಡೆದು, ಬಂಡೆಯಲ್ಲಿ ಕೊರೆದ ಗೋರಿಯಲ್ಲಿ ಇಡುತ್ತಾನೆ. ಭಾನುವಾರ ನಸುಕಿನಲ್ಲಿ ಹೆಂಗಸರು ಅಲ್ಲಿಗೆ ಹೋದಾಗ ಗೋರಿ ಬರಿದಾಗಿತ್ತು. ಯೇಸು ಸತ್ತವರೊಳಗಿಂದ ಎದ್ದರು ಎಂಬುದು ಕ್ರೈಸ್ತರ ನಂಬಿಕೆ. ಆ ಭಾನುವಾರವೇ ಈಸ್ಟರ್.

ಕ್ರೈಸ್ತರು ಕಾಣುವ ಅರ್ಥ

ಭಾನುವಾರ ಇರುವುದರಿಂದಲೇ ಶುಕ್ರವಾರ ‘ಶುಭ’. ಮನುಷ್ಯರ ಪಾಪದ ಭಾರವನ್ನು ಯೇಸು ತಾವೇ ಹೊತ್ತರು, ಆ ಮೂಲಕ ದೇವರಿಗೂ ಮನುಷ್ಯನಿಗೂ ನಡುವಿನ ಅಂತರ ಅಳಿಯಿತು ಎಂಬುದು ಕ್ರೈಸ್ತ ಧರ್ಮದ ತಿರುಳು. ಇದರ ಜೊತೆಗೆ ಇನ್ನೊಂದು ಮಾತಿದೆ. ಹಿಂಸೆ, ಅವಮಾನ, ಒಂಟಿತನ, ನೀರಡಿಕೆ ಇವೆಲ್ಲವೂ ದೇವರಿಗೆ ಗೊತ್ತು, ನರಳುವವನ ಪಕ್ಕದಲ್ಲಿ ದೇವರು ಇದ್ದಾನೆ ಎಂದು ಅವರು ನಂಬುತ್ತಾರೆ. ಅದಕ್ಕಾಗಿಯೇ ರೋಗಿಯ ಹಾಸಿಗೆಯ ಬಳಿ, ಸಾವಿನ ಮನೆಯಲ್ಲಿ ಶಿಲುಬೆ ಇರುತ್ತದೆ. ಹೆದರಿಸಲು ಮಾಡಿದ ಕಂಬವೇ ಧೈರ್ಯದ ಗುರುತಾಯಿತು.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಇದೇ ಕಥೆಯನ್ನು ನೆಪವಾಗಿಟ್ಟುಕೊಂಡು ಯುರೋಪಿನಲ್ಲಿ ಶತಮಾನಗಳ ಕಾಲ ಯಹೂದಿಗಳನ್ನು ಹಿಂಸಿಸಲಾಯಿತು. ಅನ್ಯಾಯಕ್ಕೆ ಬಲಿಯಾದವರ ಕಥೆಯೇ ಇನ್ನೊಂದು ಅನ್ಯಾಯಕ್ಕೆ ಆಯುಧವಾಯಿತು. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ, ಇಂದಿನ ಯಹೂದಿಗಳ ಮೇಲಾಗಲಿ ಹೊರಿಸಬಾರದೆಂದು ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಘೋಷಿಸಿತು. ಅದೇ ಘೋಷಣೆ ಮುಸ್ಲಿಮರನ್ನು ಗೌರವದಿಂದ ನೆನೆದು, ಅವರು ಯೇಸುವನ್ನು ಪ್ರವಾದಿಯೆಂದೂ ಮರಿಯಳನ್ನು ಪೂಜ್ಯಳೆಂದೂ ಗೌರವಿಸುವುದನ್ನು ಗುರುತಿಸಿತು.

ಕುರ್‌ಆನ್ ಹೇಳುವುದೇನು?

ಪ್ರವಾದಿ ಈಸಾ (ಅಲೈಹಿಸ್ಸಲಾಂ) ಮುಸ್ಲಿಮರಿಗೆ ಆದರದ ಹೆಸರು. ಅವರ ತಾಯಿ ಮರಿಯಮ್ ಅವರ ಹೆಸರಿನಲ್ಲಿ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ಆದರೆ ಶಿಲುಬೆಯ ವಿಷಯದಲ್ಲಿ ಕುರ್‌ಆನಿನ ಮಾತು ಬೇರೆ. ಅನ್ನಿಸಾ ಅಧ್ಯಾಯದ 157 ಮತ್ತು 158ನೇ ಸೂಕ್ತಗಳ ಪ್ರಕಾರ ವಿರೋಧಿಗಳು ಅವರನ್ನು ಕೊಲ್ಲಲಿಲ್ಲ, ಶಿಲುಬೆಗೆ ಏರಿಸಲೂ ಇಲ್ಲ. ಅವರಿಗೆ ಹಾಗೆ ತೋರಿತು ಅಷ್ಟೇ. ಅಲ್ಲಾಹನು ಈಸಾರನ್ನು ತನ್ನೆಡೆಗೆ ಎತ್ತಿಕೊಂಡನು. ‘ಹಾಗೆ ತೋರಿತು’ ಎಂಬುದಕ್ಕೆ ವ್ಯಾಖ್ಯಾನಕಾರರು ಹಲವು ವಿವರಣೆಗಳನ್ನು ಕೊಟ್ಟಿದ್ದಾರೆ. ಒಬ್ಬರ ಪಾಪವನ್ನು ಇನ್ನೊಬ್ಬರು ಹೊರಲಾರರು ಎಂಬುದೂ ಇಸ್ಲಾಮಿನ ಬೋಧನೆ.

ಈ ವ್ಯತ್ಯಾಸ ಚಿಕ್ಕದಲ್ಲ. ಎರಡೂ ಒಂದೇ ಎಂದು ಹೇಳಿ ಅದನ್ನು ಮುಚ್ಚಿದರೆ ಎರಡೂ ಧರ್ಮಗಳಿಗೆ ಅನ್ಯಾಯವಾಗುತ್ತದೆ. ಆದರೆ ವ್ಯತ್ಯಾಸವನ್ನು ಒಪ್ಪಿಕೊಂಡ ಮೇಲೂ ಒಂದು ಸಂಗತಿ ಉಳಿಯುತ್ತದೆ. ಸುವಾರ್ತೆಯ ಪ್ರಕಾರ ದೇವರು ಅವರನ್ನು ಸಾವಿನಿಂದ ಎಬ್ಬಿಸಿದನು. ಕುರ್‌ಆನಿನ ಪ್ರಕಾರ ಅಲ್ಲಾಹನು ಅವರನ್ನು ತನ್ನೆಡೆಗೆ ಎತ್ತಿಕೊಂಡನು. ಎರಡರಲ್ಲೂ ಪಿಲಾತನ ಆಜ್ಞೆಯಾಗಲಿ, ಗುಂಪಿನ ಕೂಗಾಗಲಿ ಕೊನೆಯ ಮಾತಾಗಲಿಲ್ಲ. ದೇವರು ತನ್ನ ದಾಸನನ್ನು ಕೈಬಿಡಲಿಲ್ಲ.

ಮಂಜೇಶ್ವರದ ಕವಿ

ಕ್ರೈಸ್ತರಲ್ಲದವರು ಈ ಕಥೆಯನ್ನು ಹೇಗೆ ಓದಿದರು ಎಂಬುದಕ್ಕೆ ಕನ್ನಡದಲ್ಲೇ ದೊಡ್ಡ ಉದಾಹರಣೆಯಿದೆ. ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಮಂಜೇಶ್ವರದ ಎಂ. ಗೋವಿಂದ ಪೈ (1883–1963) ಅವರ ಮನೆಮಾತು ಕೊಂಕಣಿ, ಧರ್ಮ ಹಿಂದೂ, ಬರೆದದ್ದು ಕನ್ನಡದಲ್ಲಿ. ಪ್ರಾಸವಿಲ್ಲದೆಯೂ ಕನ್ನಡದಲ್ಲಿ ಕಾವ್ಯ ಬರೆಯಬಹುದೆಂದು 1911ರಲ್ಲೇ ತೋರಿಸಿದವರು ಅವರು. 1949ರಲ್ಲಿ ಅಂದಿನ ಮದ್ರಾಸ್ ಸರ್ಕಾರ ಅವರಿಗೆ ‘ರಾಷ್ಟ್ರಕವಿ’ ಬಿರುದು ಕೊಟ್ಟಿತು. 1930ರ ದಶಕದಲ್ಲಿ ಅವರು ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಪ್ರಕಟಿಸಿದರು. ಅದರ ವಸ್ತು ಯೇಸುವಿನ ಕೊನೆಯ ದಿನ.

ಪೈ ಅವರು ಅಲ್ಲಿಗೇ ನಿಲ್ಲಲಿಲ್ಲ. ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ, ಕೃಷ್ಣನ ಕೊನೆಯ ದಿನವನ್ನು ‘ಪ್ರಭಾಸ’ದಲ್ಲಿ, ಗಾಂಧೀಜಿಯ ಕೊನೆಯ ದಿನವನ್ನು ‘ದೆಹಲಿ’ಯಲ್ಲಿ ಬರೆದರು. ಈ ನಾಲ್ಕನ್ನೂ ಒಟ್ಟಿಗೆ ನೋಡಿದರೆ ಅವರ ದಾರಿ ತಿಳಿಯುತ್ತದೆ. ಮಹಾತ್ಮನೊಬ್ಬ ಸಾವನ್ನು ಹೇಗೆ ಎದುರಿಸಿದ ಎಂಬುದನ್ನು ಅವರು ಧರ್ಮದ ಬೇಲಿಯಾಚೆಗೂ ಹೋಗಿ ನೋಡಿದರು. ಅದಕ್ಕಾಗಿ ಅವರು ಧರ್ಮ ಬದಲಿಸಬೇಕಾಗಿ ಬರಲಿಲ್ಲ.

ಗಾಂಧೀಜಿಯೂ ಹಾಗೆಯೇ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ಅವರು 1931ರಲ್ಲಿ ರೋಮ್‌ಗೆ ಹೋದಾಗ ವ್ಯಾಟಿಕನ್‌ನಲ್ಲಿ ಶಿಲುಬೆಗೇರಿದ ಯೇಸುವಿನ ಪ್ರತಿಮೆಯ ಮುಂದೆ ನಿಂತು ಕಣ್ಣೀರು ತುಂಬಿಕೊಂಡರು.

ಕನ್ನಡದಲ್ಲಿ ಈ ಕಥೆಯ ದಾರಿ ಇನ್ನೂ ಹಿಂದಿನದು. ಕನ್ನಡ ನಿಘಂಟಿನಿಂದ ಹೆಸರಾದ ಫರ್ಡಿನಂಡ್ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಎಂಬ ಕೃತಿಯಲ್ಲಿ ಯೇಸುವಿನ ಜೀವನವನ್ನು ನಮ್ಮ ದೇಶದ ಹಾಡುಗಾರಿಕೆಯ ಧಾಟಿಯಲ್ಲಿ ಹೇಳಿದರು. ನಮ್ಮ ಭಾಗದ ದೇಶನೂರಿನಲ್ಲಿ ಜೆಸ್ವಿಟ್ ಪಾದ್ರಿಗಳು ಸ್ಥಾಪಿಸಿದ ವಿರಕ್ತ ಮಠವಿದೆ. ಕಾವಿ ಉಟ್ಟು, ಸಸ್ಯಾಹಾರಿಗಳಾಗಿ, ಊರವರಿಂದ ‘ಸ್ವಾಮಿಗಳು’ ಎನಿಸಿಕೊಂಡು ಬದುಕುವ ಕ್ರೈಸ್ತ ಗುರುಗಳ ಮಠ ಅದು.

ಕೈರೋದ ವೈದ್ಯ

ಮುಸ್ಲಿಂ ಲೇಖಕರೊಬ್ಬರು ಈ ಶುಕ್ರವಾರದ ಬಗ್ಗೆ ಪೂರ್ತಿ ಪುಸ್ತಕವನ್ನೇ ಬರೆದಿದ್ದಾರೆ. ಅವರು ಈಜಿಪ್ಟಿನ ಮುಹಮ್ಮದ್ ಕಾಮಿಲ್ ಹುಸೇನ್ (1901–1977). ವೃತ್ತಿಯಿಂದ ಮೂಳೆ ಶಸ್ತ್ರವೈದ್ಯರು, ಕೈರೋದ ಐನ್ ಶಮ್ಸ್ ವಿಶ್ವವಿದ್ಯಾಲಯದ ಮೊದಲ ಮುಖ್ಯಸ್ಥರು. 1954ರಲ್ಲಿ ಬಂದ ಅವರ ಅರಬ್ಬಿ ಕೃತಿಯ ಹೆಸರು ‘ಕರ್ಯತುನ್ ಝಾಲಿಮಾ’, ಅಂದರೆ ಅನ್ಯಾಯದ ಊರು. ಕಥೆ ಜೆರುಸಲೇಮಿನಲ್ಲಿ ಆ ಒಂದೇ ದಿನ ನಡೆಯುತ್ತದೆ. ಕೊನೆಗೆ ಏನಾಯಿತು ಎಂಬಲ್ಲಿ ಅವರು ಕುರ್‌ಆನಿನ ನಿಲುವನ್ನು ಬಿಡಲಿಲ್ಲ. ಅವರ ಪ್ರಶ್ನೆಯೇ ಬೇರೆ: ನಿರಪರಾಧಿಯನ್ನು ಕೊಲ್ಲಲು ಇಡೀ ಊರು ಹೇಗೆ ಒಪ್ಪಿತು?

ಅವರು ಕೊಡುವ ಉತ್ತರ ನಮ್ಮನ್ನೂ ಮುಟ್ಟುತ್ತದೆ. ಆ ದಿನ ಯಾರೂ ತಾನು ಕೊಲೆಗಾರ ಎಂದುಕೊಳ್ಳಲಿಲ್ಲ. ಒಬ್ಬನಿಗೆ ಧರ್ಮದ ರಕ್ಷಣೆ, ಒಬ್ಬನಿಗೆ ಊರಿನ ಶಾಂತಿ, ಇನ್ನೊಬ್ಬನಿಗೆ ಮೇಲಿನವರ ಆಜ್ಞೆ. ಒಬ್ಬೊಬ್ಬನೂ ತನ್ನ ಪಾಲಿನ ಚಿಕ್ಕ ಕೆಲಸ ಮಾಡಿದ. ತಪ್ಪು ಹಲವರಲ್ಲಿ ಹಂಚಿಹೋದಾಗ ಯಾರಿಗೂ ಅದು ತನ್ನದು ಅನಿಸಲಿಲ್ಲ. ಅಂದು ಜನ ಕೊಲ್ಲಲು ಹೊರಟದ್ದು ತಮ್ಮ ಅಂತಃಸಾಕ್ಷಿಯನ್ನೇ ಎಂಬುದು ಆ ಕೃತಿಯ ಸಾರ.

ನಮ್ಮ ನೆಲದಲ್ಲಿ

ಸೋತಂತೆ ಕಂಡವರಲ್ಲಿ ಭರವಸೆ ಕಾಣುವುದು ನಮ್ಮ ಭಾಗದ ಜನಕ್ಕೆ ಹೊಸದಲ್ಲ. ಕ್ರಿಸ್ತಶಕ 680ರಲ್ಲಿ, ಹಿಜರಿ 61ರ ಮೊಹರಂ ಹತ್ತರಂದು ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಕರ್ಬಲಾದಲ್ಲಿ ಕುಡಿಯಲು ನೀರೂ ಸಿಗದಂತೆ ಸುತ್ತುವರಿಯಲ್ಪಟ್ಟು ಹುತಾತ್ಮರಾದರು. ಆ ದಿನ ಯಜೀದನ ಸೈನ್ಯ ಗೆದ್ದಿತು. ಆದರೆ ಇಂದಿಗೂ ನಮ್ಮ ಹಳ್ಳಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಸೇರಿ ರಿವಾಯತ್ ಪದ ಹಾಡಿ ನೆನೆಯುವುದು ಹುಸೇನರನ್ನು. ಮುಸ್ಲಿಂ ಮನೆಗಳೇ ಇಲ್ಲದ ಊರುಗಳಲ್ಲೂ ಪಂಜಾ ಕೂಡಿಸುತ್ತಾರೆ. ನೀರಡಿಸಿ ಹೋದವರ ನೆನಪಿಗೆ ಬಂದವರಿಗೆಲ್ಲ ಶರಬತ್ತು ಕೊಡುತ್ತಾರೆ.

ಸಂಗೊಳ್ಳಿ ರಾಯಣ್ಣನನ್ನು ತೆಗೆದುಕೊಳ್ಳಿ. ನಂಬಿದವರೇ ಹಿಡಿದುಕೊಟ್ಟರು. ಕಂಪನಿ ಸರ್ಕಾರದ ದಾಖಲೆಯಲ್ಲಿ ಅವನು ದಂಗೆಕೋರ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಎರಡು ವರ್ಷ ಮೊದಲು, 1829ರಲ್ಲಿ, ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಳಾಗಿಯೇ ತೀರಿಕೊಂಡಿದ್ದರು. ಅಂದಿನ ತೀರ್ಪಿನ ಪ್ರಕಾರ ಕಿತ್ತೂರಿನ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಇಂದು ಚೆನ್ನಮ್ಮನ ಸಮಾಧಿಗೆ, ನಂದಗಡದ ಆಲದ ಮರಕ್ಕೆ ಜನ ಕೈಮುಗಿದು ಬರುತ್ತಾರೆ. ತೀರ್ಪು ಕೊಟ್ಟ ಅಧಿಕಾರಿಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈ ಮೂರು ಕಥೆಗಳು ಒಂದೇ ಅಲ್ಲ. ರಾಯಣ್ಣ, ಹುಸೇನರು ಕತ್ತಿ ಹಿಡಿದು ಹೋರಾಡಿದವರು. ಯೇಸು ತಮ್ಮ ಪರವಾಗಿ ಕತ್ತಿ ಎತ್ತಿದ ಶಿಷ್ಯನನ್ನೇ ತಡೆದರು. ಆದರೆ ಅಧಿಕಾರದಲ್ಲಿದ್ದವರು ಕೊಟ್ಟ ತೀರ್ಪನ್ನು ಕಾಲ ಒಪ್ಪಿಕೊಳ್ಳಲಿಲ್ಲ ಎಂಬುದು ಮೂರರಲ್ಲೂ ಕಾಣುತ್ತದೆ.

ಫಲಿತಾಂಶದ ದಿನಗಳಲ್ಲಿ

ಶುಭ ಶುಕ್ರವಾರ ಬರುವುದು ಪಿಯುಸಿ ಪರೀಕ್ಷೆ, ಫಲಿತಾಂಶಗಳ ಆಸುಪಾಸಿನಲ್ಲಿ. ಫಲಿತಾಂಶದ ಮರುದಿನದ ಪತ್ರಿಕೆಯಲ್ಲಿ ರ್‍ಯಾಂಕ್ ಬಂದವರ ಫೋಟೋಗಳ ಜೊತೆಗೆ, ಫೇಲಾದ ದುಃಖದಲ್ಲಿ ಜೀವ ಕಳೆದುಕೊಂಡ ಮಕ್ಕಳ ಸುದ್ದಿಯೂ ಇರುತ್ತದೆ. ಹದಿನೇಳು, ಹದಿನೆಂಟರ ವಯಸ್ಸಿನಲ್ಲಿ ಒಂದು ಅಂಕಪಟ್ಟಿ ಇಡೀ ಬಾಳಿನ ತೀರ್ಪಿನಂತೆ ಕಾಣುವುದುಂಟು. ಅದು ಹಾಗಲ್ಲ. ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ, ಬೇರೆ ಕೋರ್ಸುಗಳಿವೆ, ಬೇರೆ ದಾರಿಗಳಿವೆ. ಮೂರು ಸಲ ಗುರುವನ್ನೇ ಅಲ್ಲಗಳೆದು ಅತ್ತ ಪೇತ್ರ ಮುಂದೆ ಶಿಷ್ಯರ ಮುಂದಾಳಾದ. ಅವನ ಕಥೆ ಆ ರಾತ್ರಿಯ ಸೋಲಿನಲ್ಲಿ ಮುಗಿಯಲಿಲ್ಲ.

ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ ಒಂದು ಶನಿವಾರವಿದೆ. ಆ ದಿನ ಶಿಷ್ಯರಿಗೆ ಏನೂ ತಿಳಿದಿರಲಿಲ್ಲ. ನಮ್ಮ ಕಷ್ಟದ ದಿನಗಳು ಹೆಚ್ಚಾಗಿ ಇಂಥ ಶನಿವಾರಗಳೇ. ಅಂಥ ದಿನ ಒಬ್ಬರೇ ಇರಬೇಡಿ. ಮನೆಯವರಿಗೆ, ಗೆಳೆಯರಿಗೆ, ಉಪನ್ಯಾಸಕರಿಗೆ ಹೇಳಿ. ಹೇಳಲು ಯಾರೂ ಇಲ್ಲವೆನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಕಷ್ಟದಲ್ಲಿರುವವರು ನಾವಲ್ಲದೆ ಬೇರೆಯವರಾದಾಗ ಈ ಕಥೆ ಕೇಳುವ ಪ್ರಶ್ನೆ ಇನ್ನೊಂದು. ಗುಂಪು ಒಬ್ಬನ ಮೇಲೆ ಮುಗಿಬಿದ್ದಾಗ, ಮೊಬೈಲಿನಲ್ಲಿ ಒಬ್ಬಳ ಬಗ್ಗೆ ಇಲ್ಲಸಲ್ಲದ್ದು ಹರಿದಾಡುವಾಗ ನಾವು ಎಲ್ಲಿ ನಿಲ್ಲುತ್ತೇವೆ? ಕೂಗುವವರ ನಡುವೆಯೋ, ಕೈ ತೊಳೆದುಕೊಂಡ ಪಿಲಾತನ ಪಕ್ಕದಲ್ಲೋ? ಒಂದು ಮೆಸೇಜನ್ನು ಮುಂದಕ್ಕೆ ಕಳುಹಿಸುವುದು ಕೂಡ ಕಾಮಿಲ್ ಹುಸೇನ್ ಹೇಳಿದ ಆ ಚಿಕ್ಕ ಪಾಲಿನ ಕೆಲಸವೇ. ಸೀಮೋನ ಮಾಡಿದ್ದು ಸ್ವಲ್ಪ ದೂರ ಭಾರ ಹೊತ್ತದ್ದು. ಹೆಂಗಸರು ಮಾಡಿದ್ದು ಬಿಟ್ಟುಹೋಗದೆ ನಿಂತದ್ದು. ಯೋಸೇಫ ಮಾಡಿದ್ದು ಶವವನ್ನು ಕೇಳುವ ಧೈರ್ಯ. ಇವು ಯಾವುದೂ ಆ ದಿನದ ಅನ್ಯಾಯವನ್ನು ತಡೆಯಲಿಲ್ಲ. ಆದರೂ ಎರಡು ಸಾವಿರ ವರ್ಷಗಳಿಂದ ಜನ ಅವರ ಹೆಸರು ಹೇಳುತ್ತಿದ್ದಾರೆ.

ಮುಂದಿನ ಶುಭ ಶುಕ್ರವಾರ ನಿಮಗೆ ಕ್ರೈಸ್ತ ಗೆಳೆಯರಿದ್ದರೆ ‘ಹ್ಯಾಪಿ’ ಎಂಬ ಶುಭಾಶಯವನ್ನು ಈಸ್ಟರ್ ಭಾನುವಾರಕ್ಕೆ ಉಳಿಸಿಕೊಳ್ಳಿ. ಉಪವಾಸ ಹೇಗಿತ್ತು ಎಂದು ಕೇಳಿ. ರಂಜಾನ್ ತಿಂಗಳಲ್ಲಿ, ಶ್ರಾವಣದಲ್ಲಿ ಉಪವಾಸ ಮಾಡುವ ನಮಗೆ ಆ ಮಾತು ಸುಲಭವಾಗಿ ಬರುತ್ತದೆ. ಗೋವಿಂದ ಪೈ ಅವರ ‘ಗೊಲ್ಗೊಥಾ’ ಸಿಕ್ಕರೆ ಓದಿ. ಭಾಷೆ ಹಳೆಯದು, ಮೊದಲ ಓದಿಗೆ ಕಷ್ಟವೆನಿಸಬಹುದು. ಕನ್ನಡ ಉಪನ್ಯಾಸಕರ ಜೊತೆ ಕುಳಿತು ಓದಿದರೆ ತಿಳಿಯುತ್ತದೆ.